ಕಚ್ಚು

ಬುಡದಲ್ಲಿ ಸರಿಯಾಗಿಯೇ ಕತ್ತರಿಸುತ್ತದೆ.
ಶಿಫಾನ್ ಸರ್ರನೆ ಬಿಟ್ಟುಕೊಳ್ಳುತ್ತ ಬಂದು
ತುದಿಗೆ ಮೂರು ಬೆರಳಿರುವಾಗ
ನಿಂತುಬಿಡುತ್ತದೆ,
ಎರಡು ಅಲಗಿನ ನಡುವೆ ಮಡಚಿಕೊಂಡು,
ಬಾಗಿಲ ಸಂದಿಗೆ ಸಿಕ್ಕ ಸೆರಗು.

ಹಬ್ಬಕ್ಕೆ ಎಂಟು ದಿನ. ಹನ್ನೊಂದು ಅಬಾಯ ಬಾಕಿ,
ಎಲ್ಲಕ್ಕೂ ತೋಳಿನಲ್ಲಿ ಶಿಫಾನ್ ಪಟ್ಟಿ.
ಗುದೈಬಿಯಾದ ಕೆಳಗಿನ ಓಣಿಯಲ್ಲಿ ಸಾಣೆಯವನಿದ್ದಾನೆ,
ಒಂದು ದಿನಾರು ತೆಗೆದುಕೊಂಡು
ಕಿಡಿ ಹಾರಿಸಿ ಅಲಗನ್ನು ನೀಲಿ ಮಾಡಿ ಕೊಡುತ್ತಾನೆ.
ನೀಲಿಯಾದ ಉಕ್ಕು ಸತ್ತ ಉಕ್ಕು ಮಾರಾಯ್ತಿ,
ಎನ್ನುತ್ತಿದ್ದರು ಕಾಪುವಿನ ಟೈಲರ್ ಐತಪ್ಪಣ್ಣ.
ಕತ್ತರಿ ಅವರದು.
ಒಂಬತ್ತು ಇಂಚು, ಕರಿ ಹಿಡಿ,
ಹೆಬ್ಬೆರಳು ತಾಗುವಲ್ಲಿ ಅವರ ಸವಕಳಿ, ಈಗ ನನ್ನದೂ.

ಆದ್ದರಿಂದ ಶುಕ್ರವಾರ ಬೆಳಿಗ್ಗೆ
ಚಾ ಕುಡಿಯುವ ಮಗ್ ಒಂದನ್ನು ಬೋರಲು ಹಾಕಿದೆ.
ಮಗ್ಗಿನ ತಳದ ಬಳೆಗೆ ಹೊಳಪು ಬಳಿದಿರುವುದಿಲ್ಲ,
ಅದೇ ಸಾಣೆಕಲ್ಲು.
ಏಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನಿಂದ
ಎರಡು ಹನಿ.
ಅಲಗಿನ ಓರೆಗೆ ಮಾರ್ಕರ್ ಪೆನ್ನಿನ ಮಸಿ ಬಳಿದು
ಬುಡದಿಂದ ತುದಿಗೆ ಒಂದೇ ಎಳೆತ,
ಒಂದೇ ಕಡೆಗೆ, ಹಿಂದೆ ತರುವಂತಿಲ್ಲ.
ಮಸಿ ಪೂರ್ತಿ ಹೋದರೆ ಕೋನ ಸರಿ ಎಂದರ್ಥ.
ಒಳಮೈಯನ್ನು ಮಾತ್ರ ಮುಟ್ಟಬಾರದು,
ಅಲಗು ಅಲಗನ್ನು ತಾಗುವುದು ಅಲ್ಲಿ.

ಇಪ್ಪತ್ತು ಎಳೆತ. ಕಾಡಿಗೆಯಂಥ ಕೆಸರು.
ಒಂದು ಕಡೆ ಮಸಿ ಹೋಗಲೇ ಇಲ್ಲ.
ಉಗುರಿನಿಂದ ಸವರಿದೆ: ಕಚ್ಚು.
ಎಳ್ಳುಕಾಳಿನಷ್ಟು.

ಬಟ್ಟೆ ಬಿಟ್ಟು ಬೇರೇನು ಕತ್ತರಿಸಿದರೂ
ಕೈ ಕತ್ತರಿಸುತ್ತೇನೆ ಎಂದು
ಈ ಕೋಣೆಯಲ್ಲಿ ಇಬ್ಬರಿಗೂ ಹೇಳಿಟ್ಟಿದ್ದೇನೆ.
ಸೆರಾಫಿನ್ ಬಾಯಿ ಅಂಥ ಕೆಲಸ ಮಾಡುವವರಲ್ಲ.
ದಿಲ್‌ಕುಮಾರಿಯನ್ನು ಎಬ್ಬಿಸಿದೆ.
ರಾತ್ರಿ ಹನ್ನೊಂದರವರೆಗೆ ಸಲೂನಿನಲ್ಲಿ ನಿಂತು ಬಂದ ಹುಡುಗಿ,
ಕಣ್ಣು ಬಿಡದೆಯೇ ಅಮ್ಮನ ಮೇಲೆ ಆಣೆ ಹಾಕಿದಳು.
ನಾನು ನಂಬಲಿಲ್ಲ. ಒಂದೆರಡು ಮಾತು ಹೆಚ್ಚಾಯಿತು.
ಅವಳು ಹೊದಿಕೆ ಎಳೆದುಕೊಂಡಳು.

ಕೆಸರೊರೆಸಿದ ಟಿಶ್ಯೂ ಹಾಕಲು
ಡಬ್ಬಿಯ ಮುಚ್ಚಳ ತೆಗೆದಾಗ ಕಂಡಿತು
ಚಾ ಸೊಪ್ಪಿನ ಅಡಿಯಲ್ಲಿ ಬಿಳಿ ಪ್ಲಾಸ್ಟಿಕ್ ಪಟ್ಟಿ.
ಆಸ್ಪತ್ರೆಯದು. ಒಂದು ನಂಬರು, ಮಂಗಳವಾರದ ತಾರೀಕು,
ಸೆರಾಫಿನ್ ಎಂದು ಅಚ್ಚು.

ಮಂಗಳವಾರ ಮೇಡಮ್ಮಿನ ಅಕ್ಕನ ಮನೆಯಲ್ಲಿ
ಪರದೆ ಒಗೆಯಲು ಉಳಿದೆ ಎಂದಿದ್ದರು.
ರಿಫಾದಲ್ಲಂತೆ. ಹದಿನಾಲ್ಕು ಕಿಟಕಿಯಂತೆ.
ಕಿಟಕಿಯನ್ನು ಕೂಡ ಎಣಿಸಿ ಹೇಳಿದ್ದರು.

ಪಟ್ಟಿಯ ಅಂಚು ನೇರವಿಲ್ಲ,
ಮೂರು ಸಲ ಜಗಿದಂತಿದೆ.
ಬಲಗೈಗೆ ಕಟ್ಟಿದ್ದನ್ನು
ಎಡಗೈಯಲ್ಲಿ ಕತ್ತರಿಸಿದ್ದಾರೆ.
ಈ ಕತ್ತರಿ ಎಡಗೈಗೆ ಒಗ್ಗುವುದಿಲ್ಲ,
ಹಿಡಿತ ತಿರುಗಿ ಅಲಗುಗಳು ಬಾಯಿ ಬಿಡುತ್ತವೆ,
ನಡುವೆ ಸಿಕ್ಕಿದ್ದು ಜಾರುತ್ತದೆ.
ಬಚ್ಚಲಿನ ಬಾಗಿಲು ಹಾಕಿಕೊಂಡು,
ನಲ್ಲಿ ಬಿಟ್ಟುಕೊಂಡು ಮಾಡಿರಬೇಕು.
ನಾನು ಆಗ ಇಲ್ಲೇ, ಮಿಶಿನ್ನಿನ ಮುಂದೆ.
ಆರು ಹೆಜ್ಜೆ.

ಟಿಶ್ಯೂವನ್ನು ಪಟ್ಟಿಯ ಮೇಲೆ ಹಾಕಿ ಮುಚ್ಚಿದೆ.

ಮತ್ತೆ ನಲವತ್ತು ಎಳೆತ.
ಕಚ್ಚು ಪೂರ್ತಿ ಹೋಗಬೇಕಾದರೆ
ಐತಪ್ಪಣ್ಣನ ಉಕ್ಕು ಬಹಳ ಸವೆಯಬೇಕು.
ಬಿಟ್ಟೆ. ಗಸಗಸೆಯಷ್ಟು ಉಳಿಯಿತು.
ತಿರುಪಿಗೆ ಒಂದು ತೊಟ್ಟು ಮಿಶಿನ್ ಎಣ್ಣೆ.
ಒದ್ದೆ ಶಿಫಾನ್ ತುದಿವರೆಗೆ ಹೋಯಿತು,
ಆ ಜಾಗದಲ್ಲಿ ಮಾತ್ರ ಸಣ್ಣಗೆ ತೊದಲಿ.

ದಿಲ್‌ಕುಮಾರಿಗೆ ಮೊಟ್ಟೆ ಹುರಿದು ಕೊಟ್ಟೆ.
ಯಾಕೆ ಅಂತ ಅವಳು ಕೇಳಲಿಲ್ಲ, ತಿಂದಳು.

ಪೂಜೆ ಮುಗಿಸಿ ಸೆರಾಫಿನ್ ಬಾಯಿ ಬಂದಾಗ ಮಧ್ಯಾಹ್ನ.
ಈ ಸೆಕೆಗೂ ಉದ್ದ ತೋಳಿನ ರವಿಕೆ.
ಹರಿತವಾಯಿತಾ ವಾರಿಜಾ, ಎಂದರು.
ಆಯಿತು.
ಆಮೇಲೆ, ದಾರ ಪೋಣಿಸುತ್ತ, ಅವರನ್ನು ನೋಡದೆ:
ಪ್ಲಾಸ್ಟಿಕ್ಕಿಗೆ ಅಂತ ಕೆಂಪು ಹಿಡಿಯದು
ಬಾಗಿಲ ಮೊಳೆಗೆ ತೂಗಿದ್ದೇನೆ ಬಾಯಿ.
ಒಂದೇ ಕೈಯಲ್ಲಿ ಆಗದಿದ್ದರೆ ಕರೆಯಿರಿ.

ಅವರು ಮಗ್ಗನ್ನು ಎತ್ತಿ ತಿರುಗಿಸಿ
ತಳದ ಕಪ್ಪು ಬಳೆಯನ್ನು ಬಹಳ ಹೊತ್ತು ನೋಡಿದರು.
ಇದರಲ್ಲಿ ಇನ್ನು ಚಾ ಕುಡಿಯಬಹುದಾ?

ತೊಳೆದು ಕೊಡುತ್ತೇನೆ, ಎಂದೆ.
ಎಷ್ಟು ತೊಳೆದರೂ
ಇಟ್ಟ ಕಡೆಯೆಲ್ಲ ಒಂದು ಬೂದು ಉಂಗುರ.