ಇನ್ನೆರಡು ತಾಸು ಒಣಗಲಿ

ರುಸ್ತಾವಿಯ ಕಾರು ಸಂತೆಯಲ್ಲಿ, ತಗಡಿನ ಚಪ್ಪರದಡಿ,
ತ್ಸಿಯಾಲಾ ಸೀಟಿನ ಮೇಲೆ ಮಂಡಿಯೂರಿದ್ದಾಳೆ.
ಹಡಗಿಳಿದು ಬಂದ ಬೂದು ಕಾರು;
ಯಾವ ಊರಿನದೋ, ಯಾರ ಮೈಬೆವರೋ.

ಒಣಗಿದ್ದನ್ನು ಮೊದಲು ಹೀರು, ಆಮೇಲೆ ಒದ್ದೆ ಮಾಡು,
ತಿರುಗುಮುರುಗಾದರೆ ಧೂಳೇ ಕೆಸರು.
ಕಾಫಿಗೆ ಉಗುರುಬೆಚ್ಚಗಿನ ನೀರು, ತುಸು ವಿನಿಗರ್.
ನೆತ್ತರಿಗೆ ತಣ್ಣೀರೇ; ಬಿಸಿ ತಾಕಿದರೆ
ಬಟ್ಟೆ ಅದನ್ನು ತನ್ನದೆಂದು ಇಟ್ಟುಕೊಳ್ಳುತ್ತದೆ.
ಉಜ್ಜಬೇಡ, ಒತ್ತು. ಅಂಚಿನಿಂದ ನಡುವಿಗೆ.
ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದಾಳೆ?
ಬೆಕ್ಕಿಗೆ.

ಹಿಂದಿನ ಸೀಟಿನ ಸಂದಿಯಲ್ಲಿ
ಬಿಸ್ಕತ್ತಿನ ಚೂರು, ನಾಯಿಗೂದಲು,
ಹಾಲುಹಲ್ಲಿನಷ್ಟೇ ಒಂದು ಗುಂಡಿ.
ಗುಂಡಿ ಮಾತ್ರ ಜೇಬಿಗೆ.
ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ, ಆಮೇಲೆ
ಚಹಾಕ್ಕೂ ನಾಚಿಕೆಯಾಗುವ ಬಣ್ಣಕ್ಕೆ.

ಕೊನೆಗೆ, ಕಲೆ ತಡೆಯುವ ಸ್ಪ್ರೇ,
ಇಸ್ತ್ರಿಗೆ ಮುನ್ನ ನೀರು ಚಿಮುಕಿಸಿದಷ್ಟು.

ಕೊಳ್ಳಲು ಬಂದ ಒತಿಯಾ
ನಿನ್ನೆಯೇ ಮುಗಿದಿದ್ದ ಮುಂದಿನ ಸೀಟಿಗೆ
ಬೆರಳದ್ದಿ ಒಂದು ಹನಿ ಬಿಟ್ಟ.
ಇಂಗಲಿಲ್ಲ; ಗೋಲಿಯಾಗಿ ನಿಂತಿತು.
"ಮುಂಚೆ ಯಾರು ಕೂತಿದ್ದರು?"
"ಯಾರೂ ಇಲ್ಲ," ಎಂದಳು,
ಬಕೆಟ್ಟು ಕಾಣದಂತೆ ಅಡ್ಡ ನಿಂತು.

"ಹಿಂದಿನದು ಇನ್ನೆರಡು ತಾಸು ಒಣಗಲಿ"
ಮಾತಿನ್ನೂ ಬಾಯಲ್ಲಿತ್ತು,
ಅವನ ಅಜ್ಜಿ ಬಾಗಿಲು ತೆಗೆದು ಕೂತೇಬಿಟ್ಟಳು.
ತೊಡೆಯ ಮೇಲೆ ಹುಳಿ ಪ್ಲಮ್ಮಿನ ಗೊಜ್ಜಿನ ಜಾಡಿ,
ಮುಚ್ಚಳವಿಲ್ಲ, ಬಾಯಿಗೆ ಬಟ್ಟೆ ಕಟ್ಟಿದ್ದು.
"ಎಷ್ಟು ತಂಪಾಗಿದೆ ಮಗಳೇ!"
ಎಂದು ಇನ್ನಷ್ಟು ಒರಗಿದಳು.

ತ್ಸಿಯಾಲಾ ಜಾಡಿಯನ್ನು ನೋಡಿದಳು,
ಒಂದು ಚೀಟಿ ಹರಿದಳು,
ಪ್ಲಮ್ಮಿನ ಕಲೆಗೆ ಮದ್ದೇನೆಂದು ಬರೆದು
ಕೀಲಿಕೈಯ ಜೊತೆಗೇ ಕೊಟ್ಟಳು.