ಕಡಲಗಾಳಿಯ ಬಾಬ್ತು

ಅಂಬಲಪಾಡಿಯ ಸರ್ವಿಸ್ ಸೆಂಟರಿನಲ್ಲಿ
ಕಾಫಿ ಮಾತ್ರ ಪುಕ್ಕಟೆ.
ಲಿಫ್ಟಿನ ಮೇಲೆ ಕಾರು
ಹೊಟ್ಟೆ ತೋರಿಸಿಕೊಂಡು ನಿಂತಿದೆ.
ಡೆರಿಕ್ ಟಾರ್ಚು ಬಿಟ್ಟು ಹೇಳುತ್ತಾನೆ:
ತುಕ್ಕು ವಾರಂಟಿಗೆ ಬರುವುದಿಲ್ಲ ಸರ್,
ಅದು ಕಡಲಗಾಳಿಯದ್ದು.

ಹದಿನೆಂಟು ಸಾವಿರದ ನಾನೂರು.
ಕೈ ಒರೆಸಿದ ಬಟ್ಟೆಗೆ ಬೇರೆ ನೂರಾ ಎಪ್ಪತ್ತು.
ಎಡಚಕ್ರದ ಆ ಕಟಕಟ?
ನಮಗೆ ಕೇಳಿಸಲಿಲ್ಲ ಸರ್.

ಕೀಲಿ ಕೊಟ್ಟ ದಿನ
ಮಲ್ಪೆಯ ಮರಳಿಗೇ ಕರೆದೊಯ್ದು
ಬಾನೆಟ್ಟಿಗೆ ಸೇವಂತಿಗೆ ಹಾಕಿ
ಫೋಟೋ ಹಿಡಿದವರು ಇವರೇ.
ಕ್ಯಾಶ್ ಕೌಂಟರಿನ ಹಿಂದೆ ಅದು ಈಗಲೂ ಇದೆ:
ನಾನು, ಹರಿಣಾಕ್ಷಿ, ಹೊಸ ಕಾರು,
ಬೆನ್ನಿಗೆ ಅಲೆ.

ಕಾರ್ಡು ಉಜ್ಜಿ, ಪಿನ್ ಒತ್ತಿ,
ಚೀಟಿ ಬರುವಷ್ಟು ಹೊತ್ತು ನೋಡಿದೆ.
ಹರಿಣಾಕ್ಷಿ ಎರಡೂ ಕೈಯಲ್ಲಿ
ಸೆರಗು ಹಿಡಿದುಕೊಂಡಿದ್ದಾಳೆ.

ಗಾಳಿ ಅವತ್ತೂ ಇತ್ತು.