ಸುಮಾರು

ಮಂಡ್ಯದ ಸಕ್ಕರೆ ಕಾರ್ಖಾನೆ ಹಿಂದೆ ಶೀಟಿನ ಮನೆ.
ಬೋರ್ಡಿಲ್ಲ. ತಿಮ್ಮಾಜಮ್ಮನ ಮನೆ ಅಂದರೆ ಸಾಕಿತ್ತು.
ರಾತ್ರಿ ಪಾಳಿ ಮುಗಿಸಿ ಬಂದು ಕೂತರೆ
ಮಾತಿಲ್ಲದೆ ಒಂದು ಮುದ್ದೆ, ಬಸ್ಸಾರು, ಅಂಚಿಗೆ ಕಲ್ಲುಪ್ಪು.

ಒಬ್ಬ ಹುಡುಗ ಬಂದ.
ಮುದ್ದೆಯನ್ನು ಮೊದಲು ಫೋನಿಗೆ ಉಣ್ಣಿಸಿದ.
ಆಮೇಲೆ ತಾನು ಕಣ್ಣು ಮುಚ್ಚಿ ಅಗಿದ.
ಮುದ್ದೆಯನ್ನು ಅಗಿದ, ಸ್ವಾಮಿ!

ಭಾನುವಾರ ಕಾರೋ ಕಾರು, ಕಬ್ಬಿನ ಲಾರಿಗೂ ದಾರಿಯಿಲ್ಲ.
ಈಗ ಸಾರಿನ ಮೇಲೆ ತುಪ್ಪ ತೇಲಬೇಕು,
ಹಬೆ ಏಳೋದು ಕಾಣಬೇಕು,
ಸೊಪ್ಪು ಹಸಿರಾಗೇ ಇರಬೇಕು ಅಂತ
ಬೇಯುವ ಮೊದಲೇ ಇಳಿಸುತ್ತಾಳೆ.
ನಾನು ಕೂರುತ್ತಿದ್ದ ಮೂಲೆಯಲ್ಲಿ
ಬಳೆಯಂಥದೊಂದು ದೀಪ ನಿಂತಿದೆ.

"ಹೆಂಗದೆ ತಾತ ಊಟ?" ಮೈಕು ಮೂಗಿಗೇ ಬಂತು.
ಜನ ಕರಗಲಿ ಅಂತಲೇ ಅಂದೆ:
"ಸುಮಾರು ಕಣಪ್ಪ."

ಅದೇ ಓಡಿತು.
ಮಳವಳ್ಳಿ, ನಂಜನಗೂಡು, ಎಲ್ಲೆಲ್ಲಿಂದಲೋ ಬಂದವರು
ಕೈ ತೊಳೆದು ನನ್ನ ಹುಡುಕುತ್ತಾರೆ:
"ಇನ್ನೊಂದ್ಸಲ ಸುಮಾರು ಅನ್ನಿ ತಾತ."

ಇಪ್ಪತ್ತು ವರ್ಷ ಬಡಿಸಿದವಳು,
ಒಂದು ದಿನ ನನ್ನ ಮುಖ ನೋಡಿದವಳಲ್ಲ.
ಇವತ್ತು ಸೌಟು ಹಿಡಿದು ನಿಂತೇ ಇದ್ದಳು
ಮೊದಲ ತುತ್ತು ಗಂಟಲಿಳಿಯುವ ತನಕ.

ಏನೂ ಅನ್ನಲಿಲ್ಲ.
ಉಪ್ಪು ಕೇಳಿದೆ.